ಹೊರಡದ ಹೆಜ್ಜೆ

ದೊಡ್ಡಮ್ಮ ನಡೆದರೆ ಸೀರೆಯ ನೆರಿಗೆ ಪಟಪಟ ಸದ್ದು ಮಾಡುತ್ತಿತ್ತು. ಕುಳ್ಳಗಿನ ದೇಹ, ಎಡಗೈಯಲ್ಲಿ ಊಟದ ಡಬ್ಬಿಯ ಚೀಲ, ಆದರೆ ಹೆಜ್ಜೆ ಮಾತ್ರ ಯಾವುದೋ ಎತ್ತರದ ಹೆಂಗಸಿನದು. ಅವರು ನನ್ನ ಅಮ್ಮನ ಅಕ್ಕ. ಉಡುಪಿ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಚೆನ್ನೈಗೆ ಬಂದು, ಮದುವೆಯಾಗದೆ, ತಾಂಬರಂನಲ್ಲಿ ಚಿಕ್ಕ ಮನೆ ಮಾಡಿಕೊಂಡು ಅಲ್ಲೇ ಉಳಿದವರು. ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿ ನಾನು ಬಂದಾಗ, "ಲೇಡೀಸ್ ಹಾಸ್ಟೆಲ್ಲು ಎಂತಕ್ಕೆ? ನಾನಿಲ್ಲಿ ಬದುಕಿಲ್ವಾ?" ಎಂದು ನನ್ನ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಹೊರಟರು. ಎಗ್ಮೋರ್ ಪ್ಲಾಟ್‌ಫಾರ್ಮಿನಲ್ಲಿ ಅವರ ಹಿಂದೆ ಓಡಿದ್ದೇ ಈ ಊರಿನಲ್ಲಿ ನಾನು ಮಾಡಿದ ಮೊದಲ ಕೆಲಸ.

ಆಟೋ ಹತ್ತುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಾಂಬಾರು ಸೌತೆ ಸಿಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಕೋಯಂಬೇಡಿಗೆ ಹೋಗಿ, ಮಾರುಕಟ್ಟೆಯನ್ನೆಲ್ಲ ಸುತ್ತಿ, ಚೀಲ ಹೊತ್ತು ಬಸ್ಸಿನಲ್ಲೇ ಬರುತ್ತಿದ್ದರು. ನಾನು ಏದುಸಿರು ಬಿಟ್ಟರೆ ಹಿಂದೆ ತಿರುಗಿ ನೋಡದೆಯೇ, "ಸೀಕ್ರಂ ಬಾ ಮಗಾ, ಕಾಲು ಉಂಟಲ್ಲ ನಿನಗೆ" ಎನ್ನುತ್ತಿದ್ದರು. ಸಿಟ್ಟು ಬಂದರೆ ತಮಿಳು, ಮುದ್ದು ಬಂದರೆ ಕನ್ನಡ, ಅವಸರದಲ್ಲಿ ಎರಡೂ.

ನಿವೃತ್ತಿಯಾಗಿ ಕೆಲವು ವರ್ಷಗಳ ಮೇಲೆ ಅವರ ಎಡಗೈ ನಡೆಯುವಾಗ ಬೀಸುವುದನ್ನು ನಿಲ್ಲಿಸಿತು. ಹೆಜ್ಜೆ ಚಿಕ್ಕದಾಯಿತು. ವಯಸ್ಸಾಯಿತು ಎಂದುಕೊಂಡೆವು. ಆಮೇಲೆ ಒಂದು ಬೆಳಿಗ್ಗೆ, ಪರಿಚಯದವರ ಮದುವೆಗೆಂದು ಹೊರಟಾಗ, ತಾಂಬರಂ ಸ್ಟೇಷನ್ನಿನ ಮೇಲ್ಸೇತುವೆಯಲ್ಲಿ ಅದು ಆಯಿತು. ಮೆಟ್ಟಿಲುಗಳನ್ನು ದೊಡ್ಡಮ್ಮ ನನಗಿಂತ ಮುಂಚೆ ಹತ್ತಿದರು. ಮೇಲೆ ಸಪಾಟು ಜಾಗಕ್ಕೆ ಬಂದದ್ದೇ ನಿಂತುಬಿಟ್ಟರು.

"ಬನ್ನಿ ದೊಡ್ಡಮ್ಮ, ಟ್ರೈನ್ ಬಂತು."

"ಬರ್ತೇನೆ," ಎಂದರು. ಬರಲಿಲ್ಲ. ಪಾದಗಳು ನೆಲಕ್ಕೆ ಅಂಟಿದ ಹಾಗಿದ್ದವು. ಹಿಮ್ಮಡಿ ಮಾತ್ರ ಸಣ್ಣಗೆ ಅದುರುತ್ತಿತ್ತು. ನಾನು ಕೈ ಹಿಡಿದು ಎಳೆದೆ. ಮೈ ಮುಂದಕ್ಕೆ ಬಂತು, ಕಾಲು ಬರಲಿಲ್ಲ. ಮುಗ್ಗರಿಸುವುದರಲ್ಲಿ ನನ್ನ ಹೆಗಲು ಸಿಕ್ಕಿತು. ಹಿಂದೆ ಜನ ಒತ್ತುತ್ತಿದ್ದರು. "ಅಮ್ಮಾ, ಕೊಂಜಂ ತಳ್ಳಿ ನಿಲ್ಲುಂಗೊ," ಪಕ್ಕಕ್ಕೆ ಸರಿಯಿರಿ ಎಂದು ಒಬ್ಬಾತ ಹೇಳಿದ. ಪಕ್ಕಕ್ಕೆ ಸರಿಯುವುದಕ್ಕೂ ಅವರಿಂದ ಆಗುತ್ತಿರಲಿಲ್ಲ. ಕೆಳಗೆ ರೈಲು ಬಂದು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿರದವರಂತೆ ನಡೆದರು.

"ಎಂತ ಆಯ್ತು?" ಎಂದು ಕೇಳಿದೆ.

"ಗೊತ್ತಿಲ್ಲ. ಹೋಗು ಅಂದೆ. ಹೋಗ್ಲಿಲ್ಲ," ಎಂದರು. ಯಾರನ್ನೋ ದೂರುವ ಧ್ವನಿಯಲ್ಲಿ.

ಊರಿನಿಂದ ಅಮ್ಮ ಫೋನಿನಲ್ಲಿ, "ಮೆಟ್ಟಿಲು ಹತ್ತಲಿಕ್ಕೆ ಆಗ್ತದೆ, ಸಪಾಟು ನೆಲದಲ್ಲಿ ಆಗುದಿಲ್ಲ ಅಂದ್ರೆ ಯಾರು ನಂಬ್ತಾರೆ? ಅಕ್ಕನಿಗೆ ಧೈರ್ಯ ಹೋಗಿದೆ, ಅಷ್ಟೇ," ಎಂದರು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು.

ನರರೋಗದ ಡಾಕ್ಟರು ನಡೆಸಿ ನೋಡಿ, ಪಾರ್ಕಿನ್ಸನ್ ಎಂದರು. ನಿಧಾನವಾಗಿ ವಿವರಿಸಿದರು. ಎಡಗಾಲು, ಬಲಗಾಲು ಎಂದು ಒಂದಾದ ಮೇಲೊಂದು ಎತ್ತಿಡುವ ತಾಳ ಬೆನ್ನುಹುರಿಯಲ್ಲೇ ಉಂಟು, ಪ್ರತಿ ಹೆಜ್ಜೆಗೂ ಮಿದುಳು ಯೋಚಿಸಬೇಕಾಗಿಲ್ಲ. ಮಿದುಳು ಹೊರಡು ಎನ್ನಬೇಕು, ತಿರುಗು ಎನ್ನಬೇಕು, ನಿಲ್ಲು ಎನ್ನಬೇಕು. ಆ ಹೊರಡು ಎನ್ನುವ ಅಪ್ಪಣೆ ಇವರಲ್ಲಿ ಮಿದುಳಿನ ಆಳದಲ್ಲೇ ಸಿಕ್ಕಿಕೊಳ್ಳುತ್ತಿದೆ. ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ನೋಡಿ ಇಡುವ ಹೆಜ್ಜೆಗೆ ಮಿದುಳಿನಲ್ಲಿ ಬೇರೆ ದಾರಿ ಉಂಟು, ಅದಕ್ಕೇ ಹತ್ತುತ್ತಾರೆ. ಕೊನೆಗೆ, ರೈಲ್ವೆಯವರು ಎಂದು ತಿಳಿದು, "ನಿಮಗೆ ಸುಲಭವಾಗಿ ಅರ್ಥವಾಗುತ್ತೆ. ಹಳಿ ಸರಿ ಇದೆ, ಇಂಜಿನ್ ಸರಿ ಇದೆ, ಸಿಗ್ನಲ್ ಬೀಳುತ್ತಿಲ್ಲ," ಎಂದರು.

"ನಾನು ಸಂಬಳದ ಸೆಕ್ಷನ್ನಿನಲ್ಲಿದ್ದದ್ದು," ಎಂದರು ದೊಡ್ಡಮ್ಮ. "ಸಿಗ್ನಲ್ ವಿಷಯ ನನಗೆ ಗೊತ್ತಿಲ್ಲ."

ಹೊರಗೆ ಬಂದ ಮೇಲೆ ನನ್ನ ಮುಖ ನೋಡಿ, "ನಾಟಕ ಅಲ್ಲ ಅಂತ ನಿನ್ನ ಅಮ್ಮನಿಗೆ ಹೇಳು," ಎಂದರು.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಹಜಾರದಿಂದ ಬಚ್ಚಲಿನವರೆಗೆ ನೆಲದ ಮೇಲೆ ಅಡ್ಡಡ್ಡ ಹಳದಿ ಪಟ್ಟಿ ಅಂಟಿಸಿದಳು. "ಕೋಟ್ಟ ತಾಂಡುಂಗ ಅಮ್ಮಾ," ಗೆರೆ ದಾಟಿ ಎಂದಳು. ದೊಡ್ಡಮ್ಮ ಗೆರೆ ನೋಡಿದರು, ಕಾಲೆತ್ತಿದರು, ದಾಟಿದರು. ಆ ತುದಿಯಿಂದ ಈ ತುದಿಗೆ ನಡೆದು ಬಂದು ನಕ್ಕರು. ಆ ದಿನ ನಾವು ಪಾಯಸ ಮಾಡಿ ಉಂಡೆವು. ಗುಣವಾಯಿತೆಂದೇ ನಾನು ನಂಬಿದೆ.

ಕೆಲವು ತಿಂಗಳು ಗೆರೆ ನಡೆಸಿತು. ಆಮೇಲೆ ಗೆರೆಯ ಮುಂದೆಯೇ ನಿಲ್ಲತೊಡಗಿದರು. ಒಂದು, ಎರಡು ಎಂದು ತಾಳ ಹಾಕಿದೆ. ಸ್ವಲ್ಪ ಕಾಲ ಅದು ನಡೆಸಿತು. ನನ್ನ ಪಾದವನ್ನು ಅಡ್ಡ ಇಟ್ಟು ದಾಟಿ ಎಂದೆ, ಅದೂ ಹಾಗೇ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಕೈಯ ಬಿಗಿ ಸಡಿಲವಾಯಿತು, ಕಾಲು ಮಾತ್ರ ಒಪ್ಪಲಿಲ್ಲ. ಪ್ರತಿಯೊಂದು ಉಪಾಯವೂ ಹೊಸದರಲ್ಲಿ ದೇವರಂತೆ ಬಂದು, ಹಳತಾಗುತ್ತಿದ್ದಂತೆ ಕೈ ಬಿಟ್ಟಿತು.

ಒಂದು ಭಾನುವಾರ ಮಧ್ಯಾಹ್ನ ದೊಡ್ಡಮ್ಮ ನಿದ್ದೆ ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ. ಹೊದಿಕೆಯ ಕೆಳಗೆ ಅವರ ಕಾಲುಗಳು ಅಲುಗಾಡಿದವು. ನೋಡುತ್ತಿದ್ದಂತೆ ಜೋರಾದವು: ಎಡ, ಬಲ, ಎಡ, ಬಲ. "ಬಂತು, ಬಂತು," ಎಂದು ಕನಸಿನಲ್ಲಿ ಯಾರಿಗೋ ಹೇಳಿದರು. ಈ ರೋಗದಲ್ಲಿ ನಿದ್ದೆಯಲ್ಲಿ ಹೀಗಾಗುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಆಗ ನನಗೆ ತಿಳಿದದ್ದು ಇಷ್ಟೇ: ಕಾಲು ಸತ್ತಿಲ್ಲ, ನಡಿಗೆ ಮರೆತಿಲ್ಲ, ಎಲ್ಲವೂ ಒಳಗೆ ಹಾಗೇ ಇದೆ. ಎಚ್ಚರವಾದರೆ ನಿಲ್ಲುತ್ತದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಮಡಚಿದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಕಾಲುಗಳು ತಾವಾಗಿ ಸುಮ್ಮನಾಗುವವರೆಗೆ ನೋಡುತ್ತ ಕುಳಿತೆ.

ಮತ್ತೊಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಸಿಕ್ಕಿಕೊಂಡರು. ಗೆರೆ, ತಾಳ, ಪಾದ, ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. "ಎತ್ತಿ ದೊಡ್ಡಮ್ಮ, ಒಂದೇ ಒಂದು ಹೆಜ್ಜೆ," ಎಂದು ಬೇಡಿಕೊಂಡೆ.

"ಹೇಳಬೇಡ ಮಗಾ," ಎಂದರು. "ನೀನು ಹೇಳಿದಷ್ಟೂ ಬಿಗಿ ಆಗ್ತದೆ. ಸುಮ್ಮನೆ ನಿಲ್ಲು."

ನಿಂತೆವು. ಅಷ್ಟರಲ್ಲಿ ಅವರ ಸೀರೆ ಒದ್ದೆಯಾಯಿತು. ನೀರು ಹೊಸ್ತಿಲು ದಾಟಿ ಒಳಗೆ ಹರಿಯಿತು. ಅದನ್ನು ನೋಡುತ್ತ, "ಇದಾದರೂ ಹೋಯ್ತು," ಎಂದು ದೊಡ್ಡಮ್ಮ ನಗಲು ನೋಡಿದರು. ನನಗೆ ನಗಲಾಗಲಿಲ್ಲ, ಅಳಲೂ ಆಗಲಿಲ್ಲ. ಅವರ ಸೊಂಟ ಹಿಡಿದು ನಿಂತೇ ಇದ್ದೆ.

ಆಮೇಲೆ ಗಾಲಿಕುರ್ಚಿ, ಅದಾದ ಮೇಲೆ ಹಾಸಿಗೆ. ನುಂಗುವುದು ಕಷ್ಟವಾಯಿತು, ಗಂಜಿ ಶ್ವಾಸಕೋಶಕ್ಕೆ ಇಳಿದು ಜ್ವರ ಬಂತು. ಧ್ವನಿಯೂ ತೆಳುವಾಗಿ ತುಟಿಯವರೆಗೆ ಬರುವುದೇ ಅಪರೂಪವಾಗಿತ್ತು. ಆಸ್ಪತ್ರೆಯಲ್ಲಿ ಕೊನೆಯ ದಿನ ನರ್ಸು ಆಮ್ಲಜನಕದ ಮುಖವಾಡವನ್ನು ಸ್ವಲ್ಪ ಸರಿಸಿದಾಗ, ದೊಡ್ಡಮ್ಮ ಬೆರಳಾಡಿಸಿ ನನ್ನನ್ನು ಕರೆದು ಏನೋ ಹೇಳಿದರು. ಕೇಳಿಸಲಿಲ್ಲ. ಕಿವಿಯನ್ನು ಬಾಯಿಯ ಹತ್ತಿರ ಇಟ್ಟು, "ಇನ್ನೊಮ್ಮೆ ಹೇಳಿ," ಎಂದೆ. ಇನ್ನೊಮ್ಮೆ ಹೇಳಿದರು. ಬಿಸಿ ಉಸಿರು ತಾಗಿತು, ಮಾತು ತಾಗಲಿಲ್ಲ. ಮತ್ತೆ ಕೇಳಿ ದಣಿಸಲಾರದೆ, "ಆಯ್ತು ದೊಡ್ಡಮ್ಮ," ಎಂದು ತಲೆಯಾಡಿಸಿದೆ. ಅವರ ಮುಖ ಸಡಿಲವಾಯಿತು. ಒಪ್ಪಿಕೊಂಡಳು ಎಂಬ ಸಮಾಧಾನದಲ್ಲಿ ಕಣ್ಣು ಮುಚ್ಚಿದರು.

ನಾನು ಒಪ್ಪಿಕೊಂಡದ್ದು ಏನನ್ನು ಎಂದು ನನಗೆ ಇನ್ನೂ ಗೊತ್ತಿಲ್ಲ.