ಬಣ್ಣ ಕೂಗುವ ಬೊಮ್ಮಮ್ಮ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೊಮ್ಮಮ್ಮನವರ ಕುಲುಮೆಯಲ್ಲಿ ಮಾತ್ರ ಇದ್ದಿಲು ಹೊತ್ತಿಕೊಂಡಿದೆ. ಅರವತ್ತೆರಡು ವರ್ಷದ ಈ ಹೆಣ್ಣುಮಗಳು ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈಯ ಇಕ್ಕಳದಿಂದ ಕುಡುಗೋಲನ್ನು ಕೆಂಡದಲ್ಲಿ ಹೊರಳಿಸುತ್ತಿದ್ದಾರೆ. ಇಷ್ಟು ಬೇಗ ಯಾಕೆ ಎಂದು ಕೇಳಿದರೆ ತಿದಿ ನಿಲ್ಲಿಸದೆ ಹೇಳುತ್ತಾರೆ: "ಬಿಸಿಲು ಬಂದ್ರ ಕಬ್ಬಿಣದ ಬಣ್ಣ ತಿಳಿಯಂಗಿಲ್ರಿ. ಕತ್ತಲಾಗ ಅದು ಖರೇ ಹೇಳ್ತೈತಿ."

ಆಮೇಲೆ ಪತ್ರಿಕೆಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ, "ಈಗ ಯಾವ ಬಣ್ಣ ಐತಿ ಹೇಳ್ರಿ ಸಾರ್?" ಪೇಟೆಯವನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಗುತ್ತ 'ಕೆಂಪು' ಎನ್ನುತ್ತೇನೆ. "ಎಂಥಾ ಕೆಂಪು? ಹಣ್ಣುಮೆಣಸಿನಕಾಯೋ, ಇಟ್ಟಂಗಿಯೋ?" ನಾನು ಕೆಂಡದ ಕಡೆ ಇನ್ನಷ್ಟು ಬಗ್ಗುತ್ತೇನೆ.

ಬೊಮ್ಮಮ್ಮ ಶಾಲೆಯ ಮೆಟ್ಟಿಲು ಹತ್ತಿದ್ದು ಐವತ್ತನಾಲ್ಕನೇ ವಯಸ್ಸಿನಲ್ಲಿ, ಅದೂ ಪಾಠ ಹೇಳಲು. 1996ರಲ್ಲಿ ಊರ ಶಾಲೆಯ ವಿಜ್ಞಾನ ಶಿಕ್ಷಕಿ ನಾಗರತ್ನ ತಮ್ಮ ಮನೆಯ ಈಳಿಗೆ ಹದ ಮಾಡಿಸಲು ಈ ಕುಲುಮೆಗೆ ಬಂದರು. ಕಾದ ಅಲಗನ್ನು ಯಾವ ಗಳಿಗೆಯಲ್ಲಿ ನೀರಿಗೆ ಹಾಕಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಮರುದಿನ ನಲವತ್ತು ಮಕ್ಕಳನ್ನು ಸಾಲಾಗಿ ಕರೆತಂದು ಕುಲುಮೆಯ ಮುಂದೆ ಕೂರಿಸಿದರು. ಆಮೇಲೆ ಟೀಚರು ಬೇರೆ ಶಾಲೆಗಳಿಗೆ ಕಾರ್ಡು ಬರೆದರು, ಬೊಮ್ಮಮ್ಮ ಬಸ್ಸು ಹತ್ತಿದರು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಎಂಟು ವರ್ಷಗಳಲ್ಲಿ ಅರವತ್ತೊಂದು ಶಾಲೆಗಳಾಗಿವೆ. ಅವರ ಹೆಸರು ಒಂದು ವರದಿಯಲ್ಲೂ ಇಲ್ಲ. ಇಲಾಖೆಯ ಕಾಗದವೊಂದರಲ್ಲಿ 'ಸ್ಥಳೀಯ ಸಂಪನ್ಮೂಲ' ಎಂದು ಬಂದಿದೆ, ಅಷ್ಟೆ. ಕೆರೆ, ಕಲ್ಲುಗಣಿಗಳ ಸಾಲಿನಲ್ಲಿ ಇವರೂ ಒಬ್ಬರು!

ಇಂದಿನ ಪಾಠ ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯಲ್ಲಿ. ನಾಲ್ಕು ಬಸ್ಸು ಬದಲಿಸಬೇಕು. ಹೊರಬೇಕಾದದ್ದು ಕಬ್ಬಿಣ ಬಡಿಯುವ ಹನ್ನೊಂದು ಕಿಲೋದ ಅಡಿಗಲ್ಲು, ಸಣ್ಣ ತಿದಿ, ಇದ್ದಿಲ ಚೀಲ, ಐದು ಕುಡುಗೋಲು. ಇದ್ದಿಲು ಕಂಡ ಕಂಡಕ್ಟರ್ ಮುಖ ಸಿಂಡರಿಸುತ್ತಾನೆ. ಕೊಟ್ಟೂರು ನಿಲ್ದಾಣದಲ್ಲಿ ಬೊಮ್ಮಮ್ಮ ಅಡಿಗಲ್ಲಿನ ಚೀಲದ ಮೇಲೆಯೇ ಕುಳಿತು ಭುಜ ಒತ್ತಿಕೊಳ್ಳುತ್ತಾರೆ. "ಸಾಕಾಗೈತ್ರಿ. ಮುಂದಿನ ವರ್ಷ ಬ್ಯಾಡ ಅಂತ ಪ್ರತಿ ವರ್ಷ ಅಂತೀನಿ."

ಅವರ ಮನೆತನದಲ್ಲಿ ಸುತ್ತಿಗೆ ಗಂಡಸಿನದು, ತಿದಿ ಹೆಂಗಸಿನದು. ತಿದಿಯ ಮುಂದೆ ಕುಳಿತವಳಿಗೇ ಬೆಂಕಿ ನೇರವಾಗಿ ಕಾಣುವುದರಿಂದ ಬಣ್ಣ ಕೂಗುವುದೂ ಅವಳ ಕೆಲಸ. ಅವಳು 'ಹೊತ್ತಾತು' ಎನ್ನುವವರೆಗೆ ಗಂಡ ಕಬ್ಬಿಣ ಎತ್ತುವಂತಿಲ್ಲ. "ನಮ್ಮತ್ತಿ ನನ್ನ ಮೂರು ವರ್ಷ ಬರೇ ನೋಡಾಕ ಹಚ್ಚಿದ್ಲು, ಕೂಗಾಕ ಬಿಡಲಿಲ್ಲ. ಕಬ್ಬಿಣ ಕಾದಾಗ ಬಡಿ ಅಂತ ಗಾದಿ ಮಾಡ್ಯಾರ. ಕಾದದ್ದು ಯಾವಾಗ ಅಂತ ಗಾದಿ ಹೇಳ್ತೈತೇನ್ರಿ?" ಗಂಡ ಮರುಳಪ್ಪ ತೀರಿಕೊಂಡ ಮೇಲೆ ಸುತ್ತಿಗೆಯೂ ಅವರ ಪಾಲಿಗೇ ಬಂತು.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಹದ ತಪ್ಪಿ ಮುರಿದ ಅಲಗನ್ನು ಹೊರಗಿನವರಿಗೆ ತೋರಿಸಬಾರದು. ತಕ್ಷಣ ಬೆಂಕಿಗೆ ಹಾಕಿಬಿಡಬೇಕು. ಎರಡು ವರ್ಷದ ಹಿಂದೆ ಹಲವಾಗಲು ಕಡೆಯ ಶಾಲೆಯೊಂದರಲ್ಲಿ ಬೊಮ್ಮಮ್ಮ ಹದ ಹಾಕಿದ ಕುಡುಗೋಲು, ಅಡಿಗಲ್ಲಿಗೆ ಮೆಲ್ಲಗೆ ತಾಗಿದ್ದೇ ತಡ, ಎರಡು ತುಂಡಾಯಿತು. ಮಕ್ಕಳು ಹೋ ಎಂದು ನಕ್ಕರು. "ಅವತ್ತ ಭೂಮಿ ಬಾಯಿಬಿಟ್ಟಿದ್ರ ಇಳಿದುಬಿಡ್ತಿದ್ದೆ." ಆದರೆ ಅವರು ತುಂಡನ್ನು ಬಚ್ಚಿಡಲಿಲ್ಲ. ಕೈಯಿಂದ ಕೈಗೆ ಕೊಟ್ಟು, ಮುರಿದ ಬಾಯಿಯನ್ನು ನೋಡಿ ಎಂದರು. ಹೆಚ್ಚು ಕಾದ ಕಬ್ಬಿಣದ ಒಳಗು ಗೋಧಿ ನುಚ್ಚಿನ ಹಾಗೆ ಉರುಟು ಕಾಳು. ಸರಿಯಾಗಿ ಕಾದದ್ದು ಚಿರೋಟಿ ರವೆಯಂತೆ ನುಣುಪು. ಅಂದಿನಿಂದ ಪ್ರತಿ ಶಾಲೆಯಲ್ಲಿ ಎರಡು ಕುಡುಗೋಲನ್ನು, ಹೆಚ್ಚು ಕಾದದ್ದೊಂದು ಸರಿಯಾಗಿ ಕಾದದ್ದೊಂದು, ಬೇಕೆಂದೇ ಮುರಿಯುತ್ತಾರೆ. "ಹತ್ತನೇ ಇಯತ್ತೆಯ ಪುಸ್ತಕದಾಗ ಎಷ್ಟು ಸಲ ಓದಿಸಿದ್ರೂ ತಲಿಗೆ ಹತ್ತದ್ದು ಆ ತುಂಡು ಕೈಯಾಗ ಹಿಡಿದ್ರ ಹತ್ತತೈತಿ" ಎನ್ನುತ್ತಾರೆ ನಾಗರತ್ನ.

ಅಂದು ಹದ ತಪ್ಪಿದ್ದಕ್ಕೆ ಕಾರಣ ಕೋಣೆಯ ಬಿಸಿಲು ಎಂದೇ ಎಲ್ಲರೂ ನಂಬಿದ್ದಾರೆ. ತೆಲಿಗಿಯ ಬಸ್ಸಿನಲ್ಲಿ ಬೊಮ್ಮಮ್ಮ ನಿಜ ಹೇಳುತ್ತಾರೆ. ನಲವತ್ತೈದು ವರ್ಷ ಬೆಂಕಿ ದಿಟ್ಟಿಸಿದ ಕಣ್ಣಿನ ಒಳಪದರ ಸವೆದಿದೆ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. "ಕೆಂಪು, ಹಳದಿ ನನಗ ಒಂದ ಆಗ್ಯಾವ್ರಿ." ಬೆಳಗ್ಗೆ ನನ್ನನ್ನು ಕೇಳಿದ್ದು ಪರೀಕ್ಷೆಯಲ್ಲ, ಗೊತ್ತಿಲ್ಲದೆಯೇ ಕೇಳಿದ್ದರು. ನಕ್ಕದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

ಹಾಗಾಗಿಯೇ ಈಗ ಮಕ್ಕಳಿಂದ ಬಣ್ಣ ಕೂಗಿಸುತ್ತಾರೆ. ಎಂಥ ಒಳ್ಳೆಯ ಬೋಧನಾ ಕ್ರಮ ಎಂದು ಅಧಿಕಾರಿಯೊಬ್ಬರು ಹೊಗಳಿ ಹೋದರಂತೆ! ನಾಗರತ್ನ ಟೀಚರಿಗೆ ಬಿಟ್ಟರೆ ಬೇರಾರಿಗೂ ಈ ಗುಟ್ಟು ಗೊತ್ತಿಲ್ಲ. "ಇದನ್ನ ಬರೀಬ್ಯಾಡ್ರಿ" ಎಂದು ನನ್ನ ಮೊಣಕೈ ಹಿಡಿಯುತ್ತಾರೆ. "ಕಣ್ಣಿಲ್ಲದಾಕಿ ಕೈಯಾಗ ಬೆಂಕಿ ಯಾರು ಕೊಡ್ತಾರ? ನಾಳಿಂದ ಒಂದು ಸಾಲಿನೂ ಕರೆಯಂಗಿಲ್ಲ. ನನ್ನಂಗ ಬಣ್ಣ ನೋಡಾಕಿ ಒಬ್ಬಾಕಿನಾರ ತಯಾರಾಗ್ಲಿ, ಆಮ್ಯಾಲ ಬೇಕಾದ್ದು ಬರೀರಿ." ನಾನು ಪೆನ್ನಿಗೆ ಮುಚ್ಚಳ ಹಾಕುತ್ತೇನೆ.

ತೆಲಿಗಿಯ ಶಾಲೆಯಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಕೋಣೆ ಕತ್ತಲು ಮಾಡಿದ್ದಾರೆ. ಬೊಮ್ಮಮ್ಮ ತಿದಿ ಒತ್ತುತ್ತಾರೆ. ಕುಡುಗೋಲು ಕೆಂಪೇರುತ್ತದೆ. "ಹಣ್ಣುಮೆಣಸಿನಕಾಯಿ ಬಣ್ಣ ಬಂದ ಕೂಡಲೇ ಕೂಗ್ರೆಪಾ" ಎಂದದ್ದೇ ಸಾಕು, ಐವತ್ತು ಗಂಟಲು ಒಟ್ಟಿಗೆ ಕೂಗುತ್ತವೆ: "ಈಗ! ಈಗ ಅಜ್ಜಿ!"

"ಇನ್ನೂ ಆಗಿಲ್ಲ, ತಡಿ ಅಜ್ಜಿ."

ಒಂಬತ್ತನೇ ತರಗತಿಯ ದುರ್ಗಾ. ಬೆಂಚು ಬಿಟ್ಟು ಮುಂದೆ ಬಂದು ನಿಂತಿದ್ದಾಳೆ. ಕಣ್ಣು ಕೆಂಡದಿಂದ ಕದಲಿಲ್ಲ. ಹಿಂದಿನಿಂದ ಯಾರೋ ಬೈಯುತ್ತಾರೆ. "ತುದಿಗೆ ಬಂದೈತಿ, ಬುಡಕ್ಕೆ ಬಂದಿಲ್ಲ" ಎನ್ನುತ್ತಾಳೆ ಹುಡುಗಿ. ಬೊಮ್ಮಮ್ಮನವರ ಇಕ್ಕಳ ಅಲ್ಲಾಡುವುದಿಲ್ಲ. ಐವತ್ತು ಜನರ ಮಾತು ಬಿಟ್ಟು ಒಬ್ಬಳ ಮಾತು ಕೇಳುತ್ತಿದ್ದಾರೆ. ಹುಡುಗಿಯ ಲೆಕ್ಕ ತಪ್ಪಿದರೆ ಈ ಕೋಣೆಯಲ್ಲೂ ನಗು ಏಳುತ್ತದೆ.

"ಹ್ಞೂಂ, ಈಗ."

ನೀರು ಚುಂಯ್ ಎನ್ನುತ್ತದೆ. ಬೊಮ್ಮಮ್ಮ ಆ ಕುಡುಗೋಲನ್ನು ಅಡಿಗಲ್ಲಿನ ಅಂಚಿಗೆ ಸಿಕ್ಕಿಸಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಒಂದೇಟಿಗೆ ಜಗ್ಗದು, ಎರಡಕ್ಕೂ ಇಲ್ಲ. ನಾಲ್ಕನೆಯದಕ್ಕೆ ಮುರಿಯುತ್ತದೆ. ಮುರಿದ ಬಾಯಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತಾರೆ, ಮತ್ತೊಮ್ಮೆ ಆಡಿಸುತ್ತಾರೆ. ಚಿರೋಟಿ ರವೆಯಂಥ ಆ ತುಂಡನ್ನು ದುರ್ಗಾಳ ಕೈಗೆ ಕೊಡುತ್ತಾರೆ.

ಮಧ್ಯಾಹ್ನ ಶಾಲೆಯ ನಲ್ಲಿಯಲ್ಲಿ ಕೈಯ ಇದ್ದಿಲ ಮಸಿ ತೊಳೆಯುತ್ತಾರೆ. ಮುಖದಲ್ಲಿ ದಣಿವು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಭುಜ ನೋಯುತ್ತಿದೆಯೇ ಎಂದು ಕೇಳುತ್ತೇನೆ.

"ಅದು ಇದ್ದದ್ದ ಬಿಡ್ರಿ" ಎನ್ನುತ್ತಾರೆ. "ಅರವತ್ತೆರಡು ಸಾಲಿ ಆದುವು. 'ಈಗ' ಅನ್ನಾರು ಎಲ್ಲಾ ಕಡಿಗೂ ಸಿಕ್ರು. 'ತಡಿ' ಅನ್ನಾಕಿ ಇವತ್ತ ಸಿಕ್ಲು."

ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ನನ್ನ ಕಣ್ಣಿಂದು ಬರ್ಕೊಳ್ರಿ ಸಾರ್."