ಎಳೆ ಎಣಿಸುವಾಗ ಮಾತಿಲ್ಲ

ಮಗ್ಗದ ಮೇಲಿದ್ದ ಸೀರೆಯ ಅಂಚಿನಲ್ಲಿ, ಒಂದು ಕೆಂಪು ಎಳೆಯ ಮೇಲೆ ನೀಲಮ್ಮನವರ ಹೆಬ್ಬೆರಳು ನಿಂತಿತ್ತು. ಶನಿವಾರ ನನ್ನ ನಿಶ್ಚಿತಾರ್ಥ. ಅಂದು ಉಡಬೇಕಾದ ಸೀರೆಯನ್ನು ನಾರಾಯಣಪೇಟೆಯ ತಮ್ಮ ಮನೆಯಲ್ಲಿ ಅವರು ಇನ್ನೂ ನೇಯುತ್ತಿದ್ದರು. "ಶುಕ್ರವಾರ ಸೀರಿ ಸಿಗ್ತೈತೇನ್ರಿ?" ಎಂದು ಮೂರು ಸಲ ಕೇಳಿದೆ. ಅವರ ಹೆಬ್ಬೆರಳು ಮುಂದಿನ ಎಳೆಗೆ ಸರಿಯಿತು. ಕಿವಿ ಕೇಳಿಸದೇನೋ ಎಂದುಕೊಂಡು ನಾಲ್ಕನೆಯ ಸಲ ಕೂಗಿಯೇಬಿಟ್ಟೆ.

ಅವರು ಎಣಿಕೆ ಮುಗಿಸಿ ತಲೆಯೆತ್ತಿದರು.

"ನಾ ಕಿವುಡಿ ಅಲ್ಲವ್ವಾ, ಎಳಿ ಎಣಸಾಕತ್ತಿದ್ದೆ. ನಡುವ ಮಾತಾಡಿದ್ರ ನಿನ್ನ ಸೀರಿ ಅಂಚು ಸೊಟ್ಟ ಆಗ್ತಿತ್ತು. ಶುಕ್ರವಾರ ಕೊಡ್ತೀನಿ. ನೀ ಮತ್ತ ಬರದಿದ್ರ ಗುರುವಾರನ ಆಗ್ತೈತಿ."

ಮರುದಿನ ಬೆಳಿಗ್ಗೆ, ಎಂದೂ ಕೈಬಿಡದ ಫೋನನ್ನು ಒಳಕೋಣೆಯಲ್ಲಿಟ್ಟು ಬಂದು ಚಹಾ ಕುಡಿದೆ. ಅಮ್ಮ ಅದಕ್ಕೆ ಶುಂಠಿ ಹಾಕುತ್ತಾಳೆಂದು ಆಗ ತಿಳಿಯಿತು. ಯಾವಾಗಿನಿಂದ ಎಂದು ಕೇಳಲು ಧೈರ್ಯವಾಗಲಿಲ್ಲ.