ಚಿಕ್ಕಪ್ಪನ ಕಲ್ಲಿನ ಗೂಡು

ಹೊಂಗೆ ಎಣ್ಣೆಯ ಮಸಿಗೆ ಒಂದು ಕಹಿ ವಾಸನೆಯಿದೆ. ಹಳೆಯ ಮನೆಗಳನ್ನು ಬಿಚ್ಚಿಸಿ ಕಂಬ, ಬಾಗಿಲು ಮಾರುವುದು ನನ್ನ ಕಸುಬು. ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಕಂಬದ ಹೊಳಪಿಗೆ ಮರುಳಾಗಬೇಡಿ, ಬುಡಕ್ಕೆ ತಟ್ಟಿ ಸದ್ದು ಕೇಳಿ, ಗೆದ್ದಲು ಇರುವುದು ಅಲ್ಲಿ. ಮೊನ್ನೆ ಸಾಲಿಗ್ರಾಮದ ಒಂದು ಮನೆಯಲ್ಲಿ ಹಾಗೆ ತಟ್ಟುತ್ತಿದ್ದಾಗ ಗೋಡೆಯ ದೀಪದ ಗೂಡಿನಿಂದ ಆ ವಾಸನೆ ಬಂತು. ಮನೆಯವರು ರೇಟು ಕೇಳುತ್ತಿದ್ದರು, ನಾನು ಗೂಡಿನ ಮಸಿಗೆ ಬೆರಳೊತ್ತಿ ಮೂಸುತ್ತಿದ್ದೆ. ಗಾವಡಗೆರೆ ಹತ್ತಿರದ ನಮ್ಮ ಮನೆ, ಈಗ ಇಲ್ಲದ ಮನೆ, ಅದರ ಜಗಲಿ, ಜಗಲಿಯ ಮೇಲೆ ಕಾಲು ಚಾಚಿ ಕೂತ ಗೌರಜ್ಜಿ, ಎಲ್ಲ ಆ ಕಹಿಯೊಳಗಿಂದ ಎದ್ದು ಬಂದವು.

ಶ್ರಾವಣದ ಸೋನೆಯಲ್ಲಿ ಬೆಂಕಿ ಹಾಕಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಗೋಡೆ ಬೆಚ್ಚಗಿರುತ್ತಿತ್ತು. ಅದಕ್ಕೆ ಬೆನ್ನು ಕೊಟ್ಟು ಮೊದಲು ಕೂರುತ್ತಿದ್ದವನು ನಮ್ಮ ಚಿಕ್ಕಪ್ಪ ಮಾದಪ್ಪ. "ಸ್ವರ್ಗ ಅಂದ್ರೆ ಇದೇ ಕಣ್ರಲಾ" ಎನ್ನುತ್ತಿದ್ದ. "ಸೋನೆ ಬಂದ್ರೆ ನಡುಗೋ ನನ್ಮಗ, ಮಿಲಿಟ್ರಿ ಸೇರ್ತಾನಂತೆ!" ಎಂದು ಅಜ್ಜಿ ಮಗನನ್ನು ಕಿಚಾಯಿಸುತ್ತಿದ್ದಳು. ಅವನು ಸೇರಿಯೇ ಬಿಟ್ಟ. ರಜೆ ಮುಗಿಸಿ ಜಗಲಿಯ ಚಪ್ಪಡಿಯ ಮೇಲೆ ಕೂತು ಬೂಟು ಕಟ್ಟಿಕೊಂಡು ಹೋದವನು ಮತ್ತೆ ಬರಲಿಲ್ಲ. ಗಡಿಯಲ್ಲಿ ವೀರಮರಣ ಎಂದು ತಂತಿ ಬಂತು. ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಹೂಳಲು ಏನೂ ಬರಲಿಲ್ಲ.

ಕೆರೆ ಏರಿಯ ಮೇಲಿನ ಹಳೆಯ ವೀರಗಲ್ಲಿನಂಥದೇ ಒಂದನ್ನು ಬಸ್ಸು ನಿಲ್ಲುವ ಕಡೆ ನಿಲ್ಲಿಸಬೇಕೆಂದು ಊರು ತೀರ್ಮಾನಿಸಿತು. ಬೇರೆ ಕಲ್ಲು ಬೇಡವೆಂದು ಅಜ್ಜಿ ಆ ಜಗಲಿಯ ಚಪ್ಪಡಿಯನ್ನೇ ಕೀಳಿಸಿ ಕೊಟ್ಟಳು. ಕೋಟೆ ತಾಲ್ಲೂಕಿನ ಕಲ್ಲುಕುಟಿಗ ಮೇಲಿನ ಅಂಕಣದಲ್ಲಿ ಲಿಂಗ, ಸೂರ್ಯ, ಚಂದ್ರರನ್ನು ಕೆತ್ತಿದ. ನಡುವೆ ವೀರನನ್ನು ಹೊತ್ತೊಯ್ಯುವ ದೇವಕನ್ಯೆಯರು. ಕೆಳಗಿನದು ಕಾಳಗಕ್ಕೆ. ಅಲ್ಲಿ ಬಂದೂಕು ಹಿಡಿದ ಆಳು ಇನ್ನೂ ರೂಪ ಮೂಡದ ಕಲ್ಲಿನ ಗಂಟಾಗಿದ್ದಾಗಲೇ ಪಿರಿಯಾಪಟ್ಟಣದ ಕಡೆಯ ಒಬ್ಬ ಸಿಪಾಯಿ ಚಿಕ್ಕಪ್ಪನ ಟ್ರಂಕು ಹೊತ್ತು ಬಂದ. ಅಜ್ಜಿ ಅವನಿಗೆ ನೀರು ಕೊಟ್ಟು, "ಗುಂಡು ಎಲ್ಲಿಗೆ ಬಿತ್ತಪ್ಪ?" ಎಂದಳು. ಅವನು ಚೊಂಬನ್ನೇ ನೋಡುತ್ತಿದ್ದ. "ಗುಂಡಲ್ಲ ಕಣವ್ವ. ಮಲಗಿದ್ದ. ಮ್ಯಾಗಿಂದ ಮಂಜಿನ ಗುಡ್ಡ ಜಾರ್ತು. ಟೆಂಟೇ ಸಿಗ್ನಿಲ್ಲ."

ಸುದ್ದಿ ಕೇಳಿ ಪಟೇಲರು ಬಂದರು. "ಇದನ್ನ ಇಲ್ಲಿಗೇ ಬುಟ್ಬುಡು ಗೌರವ್ವ. ಕೋವಿ ಹಿಡ್ದಂಗೇ ಇರ್ಲಿ. ಮಲಗಿದ್ದೋನ್ಗೆ ವೀರಗಲ್ಲಾ ಅಂತ ಪರೂರೋರು ನಗಾಕಿಲ್ವಾ?"

"ನನ್ ಮಗ ಮಲಗಿದ್ದ. ಮಲಗ್ದಂಗೇ ಕೆತ್ಸಿ. ಇಲ್ಲಾ, ಏನೂ ಬ್ಯಾಡ. ಕಲ್ಲು ನಂದು, ಜಗಲಿಗೆ ವಾಪಸ್ ಹಾಕುಸ್ಕತೀನಿ."

ನಾನು ಚೌಕಾಸಿ ಕಲಿತದ್ದು ಅಲ್ಲೇ: ಎರಡೇ ಮಾತು ಹೇಳಿ, ಆಮೇಲೆ ಬಾಯಿ ಮುಚ್ಚಿ ಕೂರುವುದು. ಮಲಗಿದವನನ್ನು ಕೆತ್ತಿಸಲು ಊರು ಒಪ್ಪಲಿಲ್ಲ, ಕೋವಿಗೆ ಅಜ್ಜಿ ಒಪ್ಪಲಿಲ್ಲ. ಕೊನೆಗೆ ಕಲ್ಲುಕುಟಿಗ ಆ ಗಂಟನ್ನೂ ಕಡಿದು ತೆಗೆದ. ಉಳಿದದ್ದು ಖಾಲಿ ಗೂಡು. ಕಲ್ಲನ್ನು ಹಾಗೇ ಬಸ್ಸು ನಿಲ್ಲುವ ಕಡೆ ನಿಲ್ಲಿಸಿದರು. ದಿನಾ ಸಂಜೆ ಅಜ್ಜಿ ನನ್ನ ಕೈ ಹಿಡಿದು ಹೋಗಿ ಅದರೊಳಗೆ ಹೊಂಗೆ ಎಣ್ಣೆಯ ಹಣತೆ ಹಚ್ಚುತ್ತಿದ್ದಳು. ಯಾಕಜ್ಜಿ ಎಂದರೆ, "ಮೈ ಕಾಯಿಸ್ಕಳ್ಳಿ ಬುಡವ್ವ. ಅಲ್ಲಿ ಬ್ಯಾರನ್ ಗೋಡೆ ಎಲ್ಲೈತೆ ಅವ್ನಿಗೆ?" ಎನ್ನುವಳು. ಸ್ವಲ್ಪ ಹೊತ್ತಾದ ಮೇಲೆ ಗೂಡಿನ ನೆತ್ತಿಗೆ ಅಂಗೈ ಇಟ್ಟು, "ಬೆಚ್ಚಗವ್ನೆ, ನಡಿ" ಎಂದು ಎದ್ದು ಬರುವಳು.

ಅಜ್ಜಿ ಹೋದಳು. ಮನೆ ಪಾಲಾಗಿ ನೆಲಸಮವಾಯಿತು. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಜೆಸಿಬಿ ಎತ್ತುವಾಗ ಬಿದ್ದ ಹೊಡೆತಕ್ಕೆ ಕಲ್ಲು ಆ ಗೂಡಿನ ಹತ್ತಿರವೇ ಎರಡಾಯಿತು. ಊರ ಹುಡುಗರು ಹೊಸದು ಮಾಡಿಸಲು ಹೊರಟರು. "ಬ್ಲ್ಯಾಕ್ ಗ್ರಾನೈಟು ಕಣಕ್ಕ, ಲೇಸರ್ ಕೆತ್ತನೆ. ಕೈಲಿ ಮಿಷನ್ ಗನ್ನು. ಸೂಪರಾಗ್ ಬತ್ತದೆ!" ಕೆಳಗೆ ದೀಪಕ್ಕೊಂದು ಗೂಡು ಕೊರೆಸಿ ಎಂದೆ. "ಈ ಕಾಲ್ದಲ್ಲಿ ದೀಪ ಯಾರಕ್ಕ ಇಡ್ತಾರೆ? ಫೋಕಸ್ ಲೈಟ್ ಹಾಕ್ತೀವಿ." ಗೂಡು ಕೊರೆಸಿ, ಇಲ್ಲವೇ ಗನ್ನು ತೆಗೆಸಿ ಎಂದು ನಾನೂ ಎರಡೇ ಮಾತು ಹೇಳಿ ಕೂತೆ. ಅವರು ನಕ್ಕು ಟೀ ತರಿಸಿಕೊಟ್ಟರು. ಚೌಕಾಸಿ ನಡೆಯಬೇಕಾದರೆ ಎದುರಿನವನಿಗೆ ನಮ್ಮಿಂದ ಏನಾದರೂ ಬೇಕಿರಬೇಕು. ಅಜ್ಜಿಯ ಕೈಯಲ್ಲಿ ಕಲ್ಲಿತ್ತು. ನನ್ನ ಕೈಯಲ್ಲಿ ಏನಿತ್ತು? ನಿಮ್ಮೂರಲ್ಲಿ ಇಂಥದ್ದು ನಿಲ್ಲಿಸುವುದಿದ್ದರೆ ಹೊಳಪು ನೋಡಬೇಡಿ, ಸತ್ತವನ ತಾಯಿಗೆ ಕೈಯಿಡಲು ಜಾಗವಿದೆಯೇ ನೋಡಿ.

ಮೊನ್ನೆ ಸಾಲಿಗ್ರಾಮದಿಂದ ನೇರ ಆ ಹೊಸ ಕಲ್ಲಿನ ಹತ್ತಿರ ಹೋದೆ. ಯಾರದೋ ಮೀಸೆ ಹೊತ್ತ ಚಿಕ್ಕಪ್ಪ ಫೋಕಸ್ ಲೈಟಿನಲ್ಲಿ ಗನ್ನು ಹಿಡಿದು ನಿಂತಿದ್ದ. ಬುಡದ ಸಿಮೆಂಟಿನ ಮೇಲೆ ಹಣತೆ ಹಚ್ಚಿಟ್ಟೆ. ಹುಣಸೂರಿನ ಬಸ್ಸು ಗಾಳಿ ಎಬ್ಬಿಸಿಕೊಂಡು ಹೋಯಿತು, ದೀಪ ಆರಿತು. ಕಲ್ಲಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತೆ. ಬೆಚ್ಚಗಾಗಲಿಲ್ಲ.